ಜಪ್ತಿಯಾದ ಗಾಡಿಯಲ್ಲಿ ಉಳಿದ ಸಾಮಾನು: ಹೊಣೆ ಯಾರದು?



ಕಂತು ತಪ್ಪಿದಾಗ ಫೈನಾನ್ಸ್‌ನವರು ಗಾಡಿ ಎಳೆದುಕೊಂಡು ಹೋಗುವುದು ನಮಗೆ ಹೊಸ ಸಂಗತಿಯೇನಲ್ಲ. ಅದರ ಬಗ್ಗೆ ಸುಪ್ರೀಂ ಕೋರ್ಟು ತೀರ್ಪು ಕೊಟ್ಟಿದೆ, ರಿಸರ್ವ್ ಬ್ಯಾಂಕು ಸುತ್ತೋಲೆ ಹೊರಡಿಸಿದೆ, ಪತ್ರಿಕೆಗಳು ಬರೆದಿವೆ. ಆದರೆ ಗಾಡಿಯ ಜೊತೆಗೇ ಹೋಗಿಬಿಡುವ ಸಾಮಾನಿನ ಬಗ್ಗೆ ಮಾತಾಡುವವರು ಕಡಿಮೆ. ಸ್ಕೂಟರಿನ ಸೀಟಿನ ಕೆಳಗಿದ್ದ ಆಸ್ಪತ್ರೆಯ ಫೈಲು, ಆಟೋದ ಹಿಂಬದಿಯಲ್ಲಿದ್ದ ಮಗುವಿನ ಸ್ಕೂಲ್ ಬ್ಯಾಗು, ಲಾರಿಯ ಕ್ಯಾಬಿನ್ನಿನಲ್ಲಿ ಸುತ್ತಿಟ್ಟ ಹಾಸಿಗೆ, ಟ್ರ್ಯಾಕ್ಟರಿನ ಪೆಟ್ಟಿಗೆಯಲ್ಲಿದ್ದ ಪಹಣಿ, ಇವೆಲ್ಲ ಎಲ್ಲಿಗೆ ಹೋಗುತ್ತವೆ? ಯಾರ ಕೈಗೆ ಸೇರುತ್ತವೆ? ವಾಪಸು ಕೊಡಬೇಕಾದವರು ಯಾರು? ಇವತ್ತಿನ ಉಪನ್ಯಾಸದ ವಿಷಯ ಇಷ್ಟೇ.

ನಾನು ಹೇಳಬೇಕಾದ ಮಾತನ್ನು ಮೊದಲೇ ಹೇಳಿಬಿಡುತ್ತೇನೆ. ಸಾಲಕ್ಕೆ ಆಧಾರವಾಗಿ ಬರೆದುಕೊಟ್ಟದ್ದು ವಾಹನವನ್ನು. ಅದರೊಳಗಿನ ಸಾಮಾನನ್ನು ಯಾರೂ ಯಾವ ಕಾಗದದಲ್ಲೂ ಆಧಾರವಾಗಿ ಬರೆದುಕೊಟ್ಟಿಲ್ಲ. ಆದ್ದರಿಂದ ಬಾಕಿ ಎಷ್ಟೇ ಇರಲಿ, ಆ ಸಾಮಾನನ್ನು ಪಟ್ಟಿ ಮಾಡಿ, ಜೋಪಾನವಾಗಿಟ್ಟು, ಕೇಳಿದ ಕೂಡಲೇ ಷರತ್ತಿಲ್ಲದೆ, ಶುಲ್ಕವಿಲ್ಲದೆ ಹಿಂತಿರುಗಿಸುವುದು ಗಾಡಿ ತೆಗೆದುಕೊಂಡವರ ಹೊಣೆ. ಸಾಲದ ಲೆಕ್ಕವೇ ಬೇರೆ, ಸಾಮಾನಿನ ಲೆಕ್ಕವೇ ಬೇರೆ. ಇವೆರಡನ್ನು ಬೆರೆಸುವುದರಿಂದಲೇ ಅನ್ಯಾಯ ಶುರುವಾಗುತ್ತದೆ.

1. ಆಧಾರದ ಕಾಗದದಲ್ಲಿ ಇರುವುದೆಷ್ಟು

ವಾಹನ ಸಾಲದಲ್ಲಿ ನಡೆಯುವ ವ್ಯವಹಾರಕ್ಕೆ ಹೈಪೋಥಿಕೇಶನ್ ಎನ್ನುತ್ತಾರೆ. ಚಿನ್ನ ಗಿರವಿ ಇಟ್ಟರೆ ಒಡವೆ ಅಂಗಡಿಯವರ ತಿಜೋರಿಗೆ ಹೋಗುತ್ತದೆ. ಹೈಪೋಥಿಕೇಶನ್ನಿನಲ್ಲಿ ಹಾಗಲ್ಲ, ವಸ್ತು ಸಾಲಗಾರನ ಕೈಯಲ್ಲೇ ಇರುತ್ತದೆ, ಅದರ ಮೇಲೆ ಸಾಲ ಕೊಟ್ಟವರ ಹಕ್ಕು ಕೂತಿರುತ್ತದೆ. 1988ರ ಮೋಟಾರು ವಾಹನ ಕಾಯಿದೆಯ 51ನೆಯ ಕಲಂ ಪ್ರಕಾರ ಈ ಹಕ್ಕು ಆರ್‌ಸಿಯಲ್ಲಿ ದಾಖಲಾಗುತ್ತದೆ. ಹಾಗೆ ದಾಖಲಿಸಲು ನಮೂನೆ 34, ಸಾಲ ತೀರಿದ ಮೇಲೆ ತೆಗೆಸಲು ನಮೂನೆ 35. ಸಾಲಗಾರ ತಪ್ಪಿ, ಗಾಡಿ ಸಾಲ ಕೊಟ್ಟವರ ವಶಕ್ಕೆ ಬಂದು, ಆರ್‌ಸಿ ಸಿಗದೇ ಹೋದರೆ ಅವರ ಹೆಸರಿಗೆ ಹೊಸ ಆರ್‌ಸಿ ಕೇಳಲು ನಮೂನೆ 36.

ಈ ನಮೂನೆಗಳನ್ನೂ ಸಾಲದ ಒಪ್ಪಂದವನ್ನೂ ಒಮ್ಮೆ ಮುಂದಿಟ್ಟುಕೊಂಡು ಓದಿ ನೋಡಿ. ವಾಹನದ ಬಗೆ, ಮಾದರಿ, ಚಾಸಿ ನಂಬರು, ಎಂಜಿನ್ ನಂಬರು ಇರುತ್ತವೆ. ಒಪ್ಪಂದದಲ್ಲಿ ಸಾಮಾನ್ಯವಾಗಿ, ವಾಹನಕ್ಕೆ ಜೋಡಿಸಿದ ಬಿಡಿಭಾಗಗಳೂ ಆಧಾರಕ್ಕೆ ಸೇರುತ್ತವೆ ಎಂಬ ಮಾತು ಇರುತ್ತದೆ. ಆದ್ದರಿಂದ ಆಮೇಲೆ ಹಾಕಿಸಿದ ಮ್ಯೂಸಿಕ್ ಸಿಸ್ಟಮ್, ಮೇಲಿನ ಕ್ಯಾರಿಯರ್, ಬೋಲ್ಟು ಹಾಕಿ ಕೂರಿಸಿದ ಪೆಟ್ಟಿಗೆ ಇವುಗಳ ಬಗ್ಗೆ ವಾದಕ್ಕೆ ಎಡೆಯಿದೆ. ಆದರೆ ಕೈಯಿಂದ ಎತ್ತಿಕೊಂಡು ಇಳಿಯಬಹುದಾದ ವಸ್ತುವಿನ ಬಗ್ಗೆ ಯಾವ ವಾದವೂ ಇಲ್ಲ. ಊಟದ ಡಬ್ಬಿಯನ್ನು ಯಾವ ಬ್ಯಾಂಕೂ ಆಧಾರವಾಗಿ ಬರೆಸಿಕೊಂಡಿಲ್ಲ.

ಇನ್ನೊಂದು ಮುಖ್ಯ ಸಂಗತಿಯಿದೆ. ಗಾಡಿಯೊಳಗಿನ ಸಾಮಾನು ಬಹಳ ಸಲ ಸಾಲಗಾರನದೇ ಆಗಿರುವುದಿಲ್ಲ. ಲಾರಿ ಮಾಲೀಕ ಹುಬ್ಬಳ್ಳಿಯಲ್ಲಿ ಇರುತ್ತಾನೆ. ಹೆದ್ದಾರಿಯಲ್ಲಿ ಗಾಡಿ ನಿಲ್ಲಿಸಿದಾಗ ಇಳಿಯುವವನು ಸಂಬಳದ ಡ್ರೈವರು. ಕ್ಯಾಬಿನ್ನಿನ ಬಟ್ಟೆಬರೆ, ಸ್ಟವ್, ಪಾತ್ರೆ, ಡಿಎಲ್, ಮನೆಗೆ ಕಳಿಸಬೇಕೆಂದು ಇಟ್ಟುಕೊಂಡ ದುಡ್ಡು ಎಲ್ಲವೂ ಅವನದು. ಹಿಂದೆ ಇರುವ ಲೋಡು ಮೂರನೆಯ ಯಾರೋ ವ್ಯಾಪಾರಿಯದು. ಟ್ಯಾಕ್ಸಿಯಲ್ಲಿ ಪ್ರಯಾಣಿಕರ ಲಗೇಜು ಇರುತ್ತದೆ. ಮನೆಯ ಕಾರಿನಲ್ಲಿ ಹೆಂಡತಿಯ ಒಡವೆ, ಮಕ್ಕಳ ಪುಸ್ತಕ, ತಾಯಿಯ ಬಿಪಿ ಮಾತ್ರೆ ಇರುತ್ತವೆ. ಇವರಲ್ಲಿ ಯಾರೂ ಸಾಲದ ಪತ್ರಕ್ಕೆ ಸಹಿ ಹಾಕಿದವರಲ್ಲ. ಸಾಲಗಾರನ ತಪ್ಪಿಗೆ ಸಾಲಗಾರನ ವಸ್ತುವನ್ನೇ ಹೀಗೆ ತಡೆಹಿಡಿಯುವಂತಿಲ್ಲ ಎಂದಮೇಲೆ ಇವರ ವಸ್ತುವನ್ನು ತಡೆಹಿಡಿಯಲು ಯಾವ ಆಧಾರವಿದೆ?

2. ಯಾರ್ಡಿನ ಗೇಟಿನಲ್ಲಿ

ವಕೀಲಿಕೆಯ ವರ್ಷಗಳಲ್ಲಿ ಇಂಥ ಪ್ರಕರಣಗಳಲ್ಲಿ ಹಲವರ ಜೊತೆ ಹೋಗಿದ್ದೇನೆ. ಒಂದನ್ನು ಮಾತ್ರ ಇಲ್ಲಿ ಹೇಳುತ್ತೇನೆ. ಅವರು ಎಲೆಕ್ಟ್ರಿಷಿಯನ್. ಸಣ್ಣ ಗೂಡ್ಸ್ ಗಾಡಿ ಇಟ್ಟುಕೊಂಡು ಕಟ್ಟಡಗಳ ವೈರಿಂಗ್ ಕೆಲಸ ಹಿಡಿಯುತ್ತಿದ್ದರು. ಕೆಲಸ ಮಾಡಿಸಿಕೊಂಡ ಕಂಟ್ರಾಕ್ಟರು ದುಡ್ಡು ಕೊಡಲಿಲ್ಲ, ಕಂತು ನಿಂತಿತು, ಒಂದು ಬೆಳಿಗ್ಗೆ ಟೀ ಅಂಗಡಿಯ ಮುಂದೆ ನಿಲ್ಲಿಸಿದ್ದ ಗಾಡಿ ಹೋಯಿತು. ಅದರಲ್ಲಿ ಡ್ರಿಲ್ಲಿಂಗ್ ಮಷಿನ್, ಕಟಿಂಗ್ ಪ್ಲೇಯರ್, ಟೆಸ್ಟರ್, ಮೀಟರ್ ಇದ್ದ ಚೀಲ, ಒಂದಷ್ಟು ವೈರಿನ ಸುರುಳಿ, ಜೊತೆಗೆ ಹೆಂಡತಿಯ ಸ್ಕ್ಯಾನಿಂಗ್ ರಿಪೋರ್ಟು ಇದ್ದವು.

ಎಳೆದು ತಂದ ಗಾಡಿಗಳನ್ನು ನಿಲ್ಲಿಸುವ ಯಾರ್ಡು ಊರ ಹೊರಗೆ. ತಗಡಿನ ಬೇಲಿ, ಒಳಗೆ ಸಾಲುಸಾಲಾಗಿ ದೂಳು ಹಿಡಿದ ಗಾಡಿಗಳು. ಗೇಟಿನ ಹತ್ತಿರ ನಿಂತರೆ ಅವರ ಗಾಡಿ ಕಾಣುತ್ತಿತ್ತು. ಕ್ಯಾಬಿನ್ನಿನೊಳಗೆ ಚೀಲದ ಪಟ್ಟಿಯೂ ಕಾಣುತ್ತಿತ್ತು. "ಅಣ್ಣ, ಗಾಡಿ ಇಟ್ಕೊಳ್ಳಿ, ನನ್ ಚೀಲ ಕೊಟ್ಬಿಡಿ ಸಾಕು" ಎಂದರು ಕಾವಲುಗಾರನಿಗೆ. "ನನ್ ಕೈಲಿ ಏನಿಲ್ಲ ಅಣ್ಣ, ಬ್ರಾಂಚಿಂದ ಲೆಟರ್ ತಗೊಂಡ್ ಬನ್ನಿ" ಎಂದ ಆತ. ಬ್ರಾಂಚಿಗೆ ಹೋದರೆ ಅಲ್ಲಿನವರು ಹೇಳಿದ್ದು: "ಎರಡು ಡ್ಯೂ ಕ್ಲಿಯರ್ ಮಾಡಿ, ಗಾಡಿನೂ ತಗೊಂಡ್ ಹೋಗಿ, ಸಾಮಾನೂ ತಗೊಂಡ್ ಹೋಗಿ." ಚೀಲವಿಲ್ಲದೆ ಕೆಲಸವಿಲ್ಲ, ಕೆಲಸವಿಲ್ಲದೆ ದುಡ್ಡಿಲ್ಲ, ದುಡ್ಡಿಲ್ಲದೆ ಚೀಲವಿಲ್ಲ. ಆ ಮನುಷ್ಯನನ್ನು ಈ ಸುತ್ತಿನಲ್ಲಿ ನಿಲ್ಲಿಸಿದ್ದು ಸಾಲವಲ್ಲ, ಅವರ ಚೀಲವನ್ನು ಹಿಡಿದಿಟ್ಟುಕೊಂಡ ಕೈ.

ಬರವಣಿಗೆಯಲ್ಲಿ ನೋಟಿಸು ಕೊಟ್ಟ ಮೇಲೆ ಚೀಲ ಸಿಕ್ಕಿತು, ಡ್ರಿಲ್ಲಿಂಗ್ ಮಷಿನ್ ಸಿಗಲಿಲ್ಲ. ಕೇಳಿದ್ದಕ್ಕೆ ಗಾಡಿ ತಂದ ದಿನದ ಪಟ್ಟಿಯನ್ನು ತೋರಿಸಿದರು. ಟೈರು ಎಷ್ಟು, ಬ್ಯಾಟರಿ ಇದೆಯೇ, ಸ್ಟೆಪ್ನಿ ಇದೆಯೇ, ಜಾಕಿ ಇದೆಯೇ, ಗಾಜು ಒಡೆದಿದೆಯೇ ಎಂದು ಒಂದೊಂದಕ್ಕೂ ಒಂದು ಸಾಲು. ಕೊನೆಯಲ್ಲಿ 'ಇತರೆ' ಎಂಬ ಒಂದೇ ಸಾಲು. ಅದರ ಮುಂದೆ ಪೆನ್ನಿನಲ್ಲಿ ಎಳೆದ ಅಡ್ಡಗೆರೆ. ಸಾಲಗಾರನ ಸಹಿಯ ಜಾಗ ಖಾಲಿ. ಕಣ್ಣೆದುರಿಗೆ ಕಾಣುತ್ತಿದ್ದ ಚೀಲಕ್ಕೂ ಆ ಕಾಗದದಲ್ಲಿ ಜಾಗವಿರಲಿಲ್ಲ. ಮಾರಿದರೆ ಬೆಲೆ ಬರುವುದಕ್ಕೆಲ್ಲ ಲೆಕ್ಕವಿತ್ತು. ಮಾಲೀಕನಿಗಷ್ಟೇ ಬೆಲೆಯಿರುವುದಕ್ಕೆ ಲೆಕ್ಕವೇ ಇರಲಿಲ್ಲ. ಈ ನಮೂನೆಯನ್ನು ಬದಲಿಸುವುದು ಇವತ್ತು ನಾನು ಕೇಳುತ್ತಿರುವ ಸುಧಾರಣೆಗಳಲ್ಲಿ ಒಂದು.

3. ಕಲ್ಯಾಣದಲ್ಲಿ ಬರೆದದ್ದು, 1872ರಲ್ಲಿ ಬರೆದದ್ದು

ಬೇರೆಯವರ ವಸ್ತು ನಮ್ಮ ವಶದಲ್ಲಿದ್ದಾಗ ಹೇಗೆ ನಡೆದುಕೊಳ್ಳಬೇಕು ಎಂಬುದು ಹಳೆಯ ಪ್ರಶ್ನೆ. ಮನುಸ್ಮೃತಿಯ ಎಂಟನೆಯ ಅಧ್ಯಾಯ ವ್ಯಾಜ್ಯಗಳನ್ನು 18 ಬಗೆಯಾಗಿ ವಿಂಗಡಿಸುತ್ತದೆ. ಮೊದಲನೆಯದು ಸಾಲದ ವಸೂಲಿ, ಎರಡನೆಯದು ನಂಬಿ ಇಟ್ಟ ವಸ್ತು, ಮೂರನೆಯದು ಒಡೆಯನಲ್ಲದವನು ಮಾಡಿದ ಮಾರಾಟ. ಇವತ್ತಿನ ಯಾರ್ಡಿನಲ್ಲಿ ಈ ಮೂರೂ ಒಟ್ಟಿಗೆ ಕಾಣುತ್ತವೆ. ಸಾಲಕ್ಕಾಗಿ ಬಂದ ಗಾಡಿ, ಅದರೊಳಗೆ ಉಳಿದ ಪರರ ವಸ್ತು, ಕೊನೆಗೆ ಗಾಡಿಯ ಜೊತೆ ಆ ವಸ್ತುವೂ ಹರಾಜಿನಲ್ಲಿ ಇನ್ಯಾರದೋ ಪಾಲಾಗುವುದು. ಹಳಬರು ಇವನ್ನು ಮೂರು ಬೇರೆ ಬೇರೆ ವ್ಯಾಜ್ಯವೆಂದು ಎಣಿಸಿದ್ದರು. ನಾವು ಒಂದೇ ಫೈಲಿನಲ್ಲಿ ಮುಚ್ಚಿಬಿಡುತ್ತಿದ್ದೇವೆ.

ನಮ್ಮ ನೆಲಕ್ಕೆ ಇನ್ನೂ ಹತ್ತಿರದ ಗ್ರಂಥವೊಂದಿದೆ. ಬೀದರ್ ಜಿಲ್ಲೆಯ ಇಂದಿನ ಬಸವಕಲ್ಯಾಣದಲ್ಲಿ, ಚಾಲುಕ್ಯ ಆರನೆಯ ವಿಕ್ರಮಾದಿತ್ಯನ ಆಳ್ವಿಕೆಯಲ್ಲಿ (1076–1126), ವಿಜ್ಞಾನೇಶ್ವರ ಯಾಜ್ಞವಲ್ಕ್ಯ ಸ್ಮೃತಿಗೆ 'ಮಿತಾಕ್ಷರ' ಎಂಬ ವ್ಯಾಖ್ಯಾನ ಬರೆದ. ಆಸ್ತಿ ಹಂಚಿಕೆಯ ಕಾರಣಕ್ಕೆ ಕಾನೂನು ವಿದ್ಯಾರ್ಥಿಗಳೆಲ್ಲರಿಗೂ ಆ ಹೆಸರು ಗೊತ್ತು. ಆದರೆ ಆ ಸ್ಮೃತಿಯಲ್ಲಿ ಉಪನಿಧಿ ಎಂಬ ಪ್ರಕರಣವೂ ಇದೆ. ಒಳಗೇನಿದೆ ಎಂದು ಹೇಳದೆ ಮುಚ್ಚಿದ ಪೆಟ್ಟಿಗೆಯನ್ನು ಇನ್ನೊಬ್ಬರ ಕೈಗೆ ಒಪ್ಪಿಸಿದರೆ ಅದಕ್ಕೆ ಅನ್ವಯಿಸುವ ನಿಯಮಗಳು ಅಲ್ಲಿವೆ. ಪಡೆದವನು ಅದನ್ನು ಹೇಗಿತ್ತೋ ಹಾಗೆಯೇ ಹಿಂತಿರುಗಿಸಬೇಕು. ರಾಜನಿಂದಲೋ ದೈವದಿಂದಲೋ ಕಳ್ಳರಿಂದಲೋ ಹೋದರೆ ಅವನ ತಪ್ಪಿಲ್ಲ. ಆದರೆ ಒಡೆಯ ಬಂದು ಕೇಳಿದಾಗ ಕೊಡದೆ, ಆಮೇಲೆ ವಸ್ತು ನಷ್ಟವಾದರೆ ಅದರ ಬೆಲೆಯನ್ನೂ ಕೊಡಬೇಕು, ಅಷ್ಟೇ ದಂಡವನ್ನೂ ತೆರಬೇಕು. ತನ್ನಿಷ್ಟದಂತೆ ಬಳಸಿಕೊಂಡು ಲಾಭ ಮಾಡಿಕೊಂಡರೂ ಶಿಕ್ಷೆಯಿದೆ.

ಈಗ 1872ರ ಭಾರತೀಯ ಒಪ್ಪಂದ ಕಾಯಿದೆಗೆ ಬನ್ನಿ. ಪರರ ವಸ್ತುವನ್ನು ವಶದಲ್ಲಿಟ್ಟುಕೊಂಡವನು, ಸಾಮಾನ್ಯ ವಿವೇಕವುಳ್ಳ ಮನುಷ್ಯ ತನ್ನದೇ ವಸ್ತುವನ್ನು ನೋಡಿಕೊಳ್ಳುವಷ್ಟು ಎಚ್ಚರದಿಂದ ಅದನ್ನು ನೋಡಿಕೊಳ್ಳಬೇಕು ಎನ್ನುತ್ತದೆ 151ನೆಯ ಕಲಂ. ಸಕಾಲಕ್ಕೆ ಹಿಂತಿರುಗಿಸದೆ ತಪ್ಪಿದರೆ, ಆ ಹೊತ್ತಿನಿಂದ ಆಗುವ ನಷ್ಟಕ್ಕೆಲ್ಲ ಅವನೇ ಹೊಣೆ ಎನ್ನುತ್ತದೆ 161ನೆಯ ಕಲಂ. ಶತಮಾನಗಳ ಅಂತರದಲ್ಲಿ, ಬೇರೆ ಬೇರೆ ಆಡಳಿತದಲ್ಲಿ, ಎರಡು ಪರಂಪರೆಗಳು ಒಂದೇ ಮಾತಿಗೆ ಬಂದು ನಿಂತಿವೆ: ಕೇಳಿದಾಗ ಕೊಡದವನ ತಲೆಯ ಮೇಲೆ ನಷ್ಟದ ಭಾರ.

ಕಾನೂನು ವಿದ್ಯಾರ್ಥಿಗಳು ಇಲ್ಲಿ ಒಂದು ಆಕ್ಷೇಪ ಎತ್ತಬಹುದು. ನಂಬಿ ಒಪ್ಪಿಸಿದ ವಸ್ತುವಿಗಷ್ಟೇ ಈ ನಿಯಮಗಳು, ಗಾಡಿಯಲ್ಲಿ ಉಳಿದದ್ದನ್ನು ಯಾರೂ ಒಪ್ಪಿಸಿಲ್ಲವಲ್ಲ ಎಂದು. ಅದಕ್ಕೂ ಅದೇ ಕಾಯಿದೆಯ 71ನೆಯ ಕಲಂನಲ್ಲಿ ದಾರಿಯಿದೆ. ದಾರಿಯಲ್ಲಿ ಬಿದ್ದ ಪರರ ವಸ್ತುವನ್ನು ಎತ್ತಿಟ್ಟುಕೊಂಡವನಿಗೂ ಇದೇ ಹೊಣೆ. ಬೀದಿಯಲ್ಲಿ ಕಂಡ ಪರ್ಸನ್ನು ಎತ್ತಿಕೊಂಡ ದಾರಿಹೋಕನಿಗೇ ಇಷ್ಟು ಹೊಣೆಯಿರುವಾಗ, ಯಾರದು ಎಂದು ಹೆಸರು, ವಿಳಾಸ, ಫೋನ್ ನಂಬರು ಸಮೇತ ಗೊತ್ತಿದ್ದೂ ಎಳೆದುಕೊಂಡು ಹೋದವರಿಗೆ ಅದಕ್ಕಿಂತ ಕಡಿಮೆ ಹೊಣೆ ಇರಲು ಸಾಧ್ಯವೇ ಇಲ್ಲ ಎಂಬುದು ನನ್ನ ದೃಢವಾದ ವಾದ. ಇನ್ನು ಬ್ಯಾಂಕುಗಳಿಗೆ 171ನೆಯ ಕಲಂ ಕೊಡುವ ತಡೆಹಿಡಿಯುವ ಹಕ್ಕು. ಅದು ಬ್ಯಾಂಕಿನ ವ್ಯವಹಾರದಲ್ಲಿ ಬ್ಯಾಂಕಿಗೆ ಒಪ್ಪಿಸಿದ ವಸ್ತುಗಳಿಗೆ ಸಂಬಂಧಿಸಿದ್ದು. ಮಗುವಿನ ಸ್ಕೂಲ್ ಬ್ಯಾಗನ್ನು ಯಾರೂ ಬ್ಯಾಂಕಿಗೆ ಒಪ್ಪಿಸಿರಲಿಲ್ಲ.

ಕದ್ದುಮುಚ್ಚಿ ಇಟ್ಟುಕೊಂಡರೆ ವಿಷಯ ಸಿವಿಲ್ ವ್ಯಾಜ್ಯದ ಗಡಿ ದಾಟುತ್ತದೆ. 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ನ್ಯಾಯ ಸಂಹಿತೆಯ 314ನೆಯ ಕಲಂ ಪರರ ಚರ ಸ್ವತ್ತನ್ನು ಅಪ್ರಾಮಾಣಿಕವಾಗಿ ಸ್ವಂತಕ್ಕೆ ಬಳಸಿಕೊಳ್ಳುವುದನ್ನು ಅಪರಾಧವೆನ್ನುತ್ತದೆ. ಕ್ಯಾಬಿನ್ನಿನಲ್ಲಿ ಸಿಕ್ಕ ಮೊಬೈಲನ್ನು ಜೇಬಿಗಿಳಿಸಿದ ಏಜೆಂಟನಿಗೆ ಇದು ಗೊತ್ತಿರಬೇಕು.

4. ಕೋರ್ಟಿಗೂ ಇಲ್ಲದ ಅಧಿಕಾರ

1908ರ ಸಿವಿಲ್ ಪ್ರಕ್ರಿಯಾ ಸಂಹಿತೆಯ 60ನೆಯ ಕಲಂ ಓದಿದಾಗಲೆಲ್ಲ ನನಗೆ ನಮ್ಮ ಕಾನೂನಿನ ಮೇಲೆ ಗೌರವ ಹೆಚ್ಚುತ್ತದೆ. ಸಾಲಗಾರ ಕೇಸು ಸೋತಿದ್ದಾನೆ, ಡಿಕ್ರಿ ಆಗಿದೆ, ಕೋರ್ಟಿನ ಅಮೀನ ಜಪ್ತಿಗೆ ಬಂದಿದ್ದಾನೆ. ಆಗಲೂ ಕೆಲವು ವಸ್ತುಗಳನ್ನು ಮುಟ್ಟುವಂತಿಲ್ಲ. ಸಾಲಗಾರನ, ಅವನ ಹೆಂಡತಿ ಮಕ್ಕಳ ಅಗತ್ಯದ ಬಟ್ಟೆಬರೆ, ಅಡುಗೆಯ ಪಾತ್ರೆ, ಹಾಸಿಗೆ ಹೊದಿಕೆ, ಧರ್ಮದ ರೂಢಿಯಂತೆ ಹೆಣ್ಣುಮಗಳು ಬಿಟ್ಟುಕೊಡಲಾಗದ ಒಡವೆ, ಕುಶಲಕರ್ಮಿಯ ಉಪಕರಣಗಳು, ಬೇಸಾಯಗಾರನಾದರೆ ಅವನ ಬೇಸಾಯದ ಸಲಕರಣೆ, ಬದುಕಿಗೆ ಬೇಕೆಂದು ಕೋರ್ಟಿಗೆ ಕಂಡಷ್ಟು ದನ ಮತ್ತು ಬಿತ್ತನೆ ಬೀಜ.

ಈ ಪಟ್ಟಿಯ ಹಿಂದಿನ ವಿವೇಕವನ್ನು ಗಮನಿಸಿ. ಸಾಲ ತೀರಿಸಬೇಕಾದವನು ಬದುಕಿರಬೇಕು, ದುಡಿಯುವಂತಿರಬೇಕು. ದುಡಿಯುವ ಸಲಕರಣೆಯನ್ನು ಕಿತ್ತುಕೊಂಡರೆ ಸಾಲ ಕೊಟ್ಟವನಿಗೂ ಏನೂ ಬರುವುದಿಲ್ಲ. ಲಾರಿ ಕ್ಯಾಬಿನ್ನಿನ ಹಾಸಿಗೆ ಪಾತ್ರೆ, ಎಲೆಕ್ಟ್ರಿಷಿಯನ್ನಿನ ಚೀಲ, ಟ್ರ್ಯಾಕ್ಟರಿನ ಮೇಲಿದ್ದ ಬೀಜದ ಮೂಟೆ ಇವೆಲ್ಲ ಹೆಚ್ಚುಕಮ್ಮಿ ಇದೇ ಪಟ್ಟಿಯ ವಸ್ತುಗಳು. ನ್ಯಾಯಾಧೀಶರ ಸಹಿಯಿರುವ ವಾರಂಟಿನಿಂದಲೂ ತೆಗೆದುಕೊಳ್ಳಲಾಗದ್ದನ್ನು, ಯಾವ ವಾರಂಟೂ ಇಲ್ಲದ ಏಜೆಂಟು ಗಾಡಿಯ ಜೊತೆ ಒಯ್ದು, "ಕಂತು ಕಟ್ಟಿದರೆ ಕೊಡುತ್ತೇವೆ" ಎನ್ನುವುದು ಹೇಗೆ ಸರಿಯಾದೀತು?

5. ತೀರ್ಪುಗಳು, ಸುತ್ತೋಲೆಗಳು, ಉಳಿದ ಖಾಲಿ ಜಾಗ

ಗಾಡಿ ವಶಪಡಿಸಿಕೊಳ್ಳುವುದರ ಬಗ್ಗೆ ಸುಪ್ರೀಂ ಕೋರ್ಟಿನ ನಿಲುವು ಎರಡು ಕಡೆಯನ್ನೂ ನೋಡುತ್ತದೆ. 2007ರಲ್ಲಿ ಐಸಿಐಸಿಐ ಬ್ಯಾಂಕಿನ ಪ್ರಕರಣದಲ್ಲಿ, ತೋಳ್ಬಲದವರನ್ನು ಬಿಟ್ಟು ವಸೂಲಿ ಮಾಡುವುದನ್ನು ಕೋರ್ಟು ಖಂಡಿಸಿತು. ಕಾನೂನು ಒಪ್ಪುವ ದಾರಿಯಲ್ಲೇ ಹೋಗಬೇಕೆಂದಿತು. 2011ರಲ್ಲಿ ಸಿಟಿಕಾರ್ಪ್ ಮಾರುತಿ ಫೈನಾನ್ಸ್ ಪ್ರಕರಣದಲ್ಲಿ ಬಲಪ್ರಯೋಗದಿಂದ ವಾಹನ ಕಸಿದುಕೊಳ್ಳುವಂತಿಲ್ಲ ಎಂಬುದನ್ನು ಗಟ್ಟಿಮಾಡಿತು. 2020ರಲ್ಲಿ ಮ್ಯಾಗ್ಮಾ ಫಿನ್‌ಕಾರ್ಪ್ ಪ್ರಕರಣದಲ್ಲಿ, ಹೈರ್ ಪರ್ಚೇಸ್ ಒಪ್ಪಂದದಲ್ಲಿ ಕಂತು ತಪ್ಪಿದಾಗ ವಾಹನ ಹಿಂಪಡೆಯಲು ಸಾಲ ಕೊಟ್ಟವರಿಗೆ ಅಡ್ಡಿಯಿಲ್ಲ, ನೋಟಿಸಿನ ವಿಷಯದಲ್ಲಿ ಒಪ್ಪಂದದ ಷರತ್ತನ್ನು ನೋಡಬೇಕು ಎಂದಿತು. ಹಕ್ಕು ಇದೆ, ಬಲಪ್ರಯೋಗಕ್ಕೆ ಅವಕಾಶವಿಲ್ಲ ಎಂಬುದು ಇವೆಲ್ಲದರ ಸಾರ.

ರಿಸರ್ವ್ ಬ್ಯಾಂಕು 2008ರ ಏಪ್ರಿಲ್ 24ರಂದು ಬ್ಯಾಂಕುಗಳಿಗೆ, 2009ರ ಏಪ್ರಿಲ್ 24ರಂದು ಬ್ಯಾಂಕೇತರ ಹಣಕಾಸು ಸಂಸ್ಥೆಗಳಿಗೆ ಸುತ್ತೋಲೆ ಕಳಿಸಿತು. ವಶಕ್ಕೆ ಮುನ್ನ ಎಷ್ಟು ದಿನದ ನೋಟಿಸು, ಯಾವಾಗ ನೋಟಿಸು ಬೇಡ, ವಶಪಡಿಸಿಕೊಳ್ಳುವ ಕ್ರಮ, ಮಾರುವ ಮುನ್ನ ಕೊನೆಯ ಅವಕಾಶ, ಸಾಲಗಾರನಿಗೆ ಗಾಡಿ ಮರಳಿಸುವ ಕ್ರಮ, ಹರಾಜಿನ ಕ್ರಮ ಇಷ್ಟೂ ಒಪ್ಪಂದದಲ್ಲಿ ಸ್ಪಷ್ಟವಾಗಿರಬೇಕು ಎಂದಿತು. ಒಳ್ಳೆಯ ಪಟ್ಟಿ. ಆದರೆ ಅದರಲ್ಲಿ ಗಾಡಿಯೊಳಗಿನ ಸಾಮಾನಿನ ಹೆಸರಿಲ್ಲ. 2022ರ ಸೆಪ್ಟೆಂಬರಿನಲ್ಲಿ ಜಾರ್ಖಂಡ್‌ನ ಹಜಾರಿಬಾಗ್ ಜಿಲ್ಲೆಯಲ್ಲಿ ಟ್ರ್ಯಾಕ್ಟರ್ ವಸೂಲಿಗೆ ಬಂದವರ ಕೈಯಲ್ಲಿ ರೈತರೊಬ್ಬರ ಗರ್ಭಿಣಿ ಮಗಳು ಅದೇ ಟ್ರ್ಯಾಕ್ಟರಿಗೆ ಸಿಲುಕಿ ಸತ್ತಾಗ, ಸಾಲ ಕೊಟ್ಟಿದ್ದ ಸಂಸ್ಥೆ ಹೊರಗಿನ ಏಜೆಂಟರ ಮೂಲಕ ವಾಹನ ವಶಪಡಿಸಿಕೊಳ್ಳುವುದನ್ನು ರಿಸರ್ವ್ ಬ್ಯಾಂಕು ತಡೆದಿತ್ತು. ಜೀವ ಹೋದಾಗ ವ್ಯವಸ್ಥೆ ಎಚ್ಚೆತ್ತಿತು. ಸಾಮಾನು ಕಳೆದಾಗಲೂ ಅದು ಎಚ್ಚರವಾಗಿರಬೇಕೆಂದು ಕೇಳುವುದು ದೊಡ್ಡ ಬೇಡಿಕೆಯಲ್ಲ.

ಮಾದರಿಗಾಗಿ ದೂರ ಹೋಗಬೇಕಿಲ್ಲ. ಆಧಾರದ ಸ್ವತ್ತಿನಿಂದ ಸಾಲ ವಸೂಲಿ ಮಾಡಲು ಇರುವ ಸರ್ಫೇಸಿ ಕಾಯಿದೆಯಡಿ ರೂಪಿಸಿದ 2002ರ ನಿಯಮಗಳಲ್ಲಿ ನಾಲ್ಕನೆಯದು ಚರ ಸ್ವತ್ತಿನ ವಶದ ಬಗ್ಗೆ ಹೇಳುತ್ತದೆ. ಇಬ್ಬರು ಸಾಕ್ಷಿಗಳ ಮುಂದೆ ಪಂಚನಾಮೆ, ವಸ್ತುಗಳ ಪಟ್ಟಿ, ಸಾಲಗಾರನಿಗೆ ಪಟ್ಟಿಯ ಪ್ರತಿ, ಮಾಲೀಕನಷ್ಟೇ ಎಚ್ಚರದಿಂದ ಕಾಪಾಡುವ ಹೊಣೆ, ಎಲ್ಲವೂ ಅದರಲ್ಲಿವೆ. ಅದು ಆಧಾರದ ಸ್ವತ್ತಿಗಾಗಿ ಮಾಡಿದ ನಿಯಮ; ಆಧಾರವಲ್ಲದ ವಸ್ತುವಿಗೆ ಅದಕ್ಕಿಂತ ಹೆಚ್ಚಿನ ಎಚ್ಚರ ಬೇಕು. ಹೊರದೇಶದಲ್ಲಿ ನೋಡುವುದಾದರೆ, ಅಮೆರಿಕದ ಕ್ಯಾಲಿಫೋರ್ನಿಯಾದ ಕಾನೂನು ವಶಪಡಿಸಿಕೊಂಡ ವಾಹನದಲ್ಲಿನ ಖಾಸಗಿ ವಸ್ತುಗಳ ಪಟ್ಟಿ ಮಾಡಿ ಕನಿಷ್ಠ 60 ದಿನ ಇಟ್ಟಿರಬೇಕೆನ್ನುತ್ತದೆ. ಸಾಮಾನು ಬೇಕಾದರೆ ಶುಲ್ಕ ಕಟ್ಟಿ ಎಂದು ಒತ್ತಾಯಿಸುವುದು ಅನ್ಯಾಯದ ವರ್ತನೆ ಎಂದು ಅಮೆರಿಕದ ಕೇಂದ್ರ ಸರ್ಕಾರದ ಗ್ರಾಹಕ ಹಣಕಾಸು ರಕ್ಷಣಾ ಸಂಸ್ಥೆ 2022ರಲ್ಲಿ ಎಚ್ಚರಿಸಿತು.

6. ಸಾಲ ಕೊಟ್ಟವರ ಕಡೆಯ ಮಾತು

ಸಾಲ ಕೊಟ್ಟವರ ಕಷ್ಟವನ್ನು ನಾನು ಅಲ್ಲಗಳೆಯುವುದಿಲ್ಲ. ಕಂತು ಬರದಿದ್ದರೆ ಠೇವಣಿದಾರರಿಗೆ ಉತ್ತರ ಹೇಳಬೇಕಾದವರು ಅವರು. ಗಾಡಿಯನ್ನು ಬಚ್ಚಿಟ್ಟು, ನಂಬರ್ ಪ್ಲೇಟ್ ಬದಲಿಸಿ ಓಡಿಸುವವರೂ ಇದ್ದಾರೆ. ಇನ್ನೂ ಒಂದು ದೂರನ್ನು ಬ್ರಾಂಚಿನವರು ಹೇಳುತ್ತಾರೆ: ಖಾಲಿ ಗಾಡಿ ತಂದರೂ "ಒಳಗೆ ಎರಡು ಲಕ್ಷ ಇತ್ತು, ಸರ ಇತ್ತು" ಎನ್ನುವವರಿದ್ದಾರೆ ಎಂದು. ಆ ದೂರಿನಲ್ಲೂ ಸತ್ಯವಿದೆ. ಅದಕ್ಕೆ ಮದ್ದೂ ಪಟ್ಟಿಯೇ. ಗಾಡಿ ತೆಗೆದುಕೊಂಡ ಜಾಗದಲ್ಲೇ, ಸಾಕ್ಷಿಗಳ ಮುಂದೆ, ಮೊಬೈಲಿನಲ್ಲಿ ಚಿತ್ರೀಕರಿಸಿಕೊಂಡು ಮಾಡಿದ ಪಟ್ಟಿ ಸಾಲಗಾರನನ್ನು ಕಳ್ಳತನದಿಂದ ಕಾಪಾಡುತ್ತದೆ, ಏಜೆಂಟನನ್ನು ಸುಳ್ಳು ಆರೋಪದಿಂದ ಕಾಪಾಡುತ್ತದೆ.

ಏಜೆಂಟರೂ ಯಾರ್ಡಿನ ಕಾವಲುಗಾರರೂ ನಮ್ಮ ನಿಮ್ಮಂಥ ಸಂಸಾರವಂದಿಗರೇ. ಗಾಡಿಯ ಲೆಕ್ಕದ ಮೇಲೆ ಕಮಿಷನ್ ಸಿಗುವವನಿಗೆ ಪಟ್ಟಿ ಬರೆಯಲು ಪುರುಸೊತ್ತಿಲ್ಲ. ಬರೆಯೆಂದು ಹೇಳಿದವರೂ ಇಲ್ಲ. ಏಜೆನ್ಸಿ ಯಾರ್ಡಿನ ಕಡೆ, ಯಾರ್ಡು ಬ್ರಾಂಚಿನ ಕಡೆ, ಬ್ರಾಂಚು ಏಜೆನ್ಸಿಯ ಕಡೆ ಕೈ ತೋರಿಸುವ ಈ ಸುತ್ತಾಟ ನಿಲ್ಲಬೇಕು. ಕೆಲಸವನ್ನು ಹೊರಗಿನವರಿಗೆ ವಹಿಸಿದ ಮಾತ್ರಕ್ಕೆ ಸಂಸ್ಥೆಯ ಹೊಣೆ ಕಡಿಮೆಯಾಗುವುದಿಲ್ಲ ಎಂಬುದು ಹೊರಗುತ್ತಿಗೆಯ ಬಗ್ಗೆ ರಿಸರ್ವ್ ಬ್ಯಾಂಕಿನ ಸ್ಪಷ್ಟ ನಿಲುವು. ಸಾಲ ಕೊಟ್ಟ ಸಂಸ್ಥೆಯೇ ಉತ್ತರ ಹೇಳಬೇಕು.

7. ಆಗಬೇಕಾದ್ದು

ನನ್ನ ಸಲಹೆಗಳು ಐದು. ಮೊದಲನೆಯದು, ಗಾಡಿ ತೆಗೆದುಕೊಳ್ಳುವ ಜಾಗದಲ್ಲೇ ಇಳಿಸಿಕೊಳ್ಳಲು ಅವಕಾಶ. ಮಾಲೀಕನೋ ಡ್ರೈವರೋ ಎದುರಿಗಿದ್ದರೆ ಕಾಲು ಗಂಟೆ ಕೊಡಿ. ಕೈಗೆ ಬಂದದ್ದನ್ನು ಎತ್ತಿಕೊಳ್ಳಲಿ. ಅರ್ಧ ಸಮಸ್ಯೆ ಅಲ್ಲೇ ಮುಗಿಯುತ್ತದೆ. ಎರಡನೆಯದು, ಉಳಿದದ್ದಕ್ಕೆ ಪಟ್ಟಿ, ಫೋಟೋ, ವಿಡಿಯೋ, ಚೀಲಕ್ಕೆ ಸೀಲು, ಮತ್ತು ಅಂದೇ ಮಾಲೀಕನ ಫೋನಿಗೆ ಪಟ್ಟಿಯ ಪ್ರತಿ. ಹಣ, ಒಡವೆ ಸಿಕ್ಕರೆ ಯಾರ್ಡಿನಲ್ಲಿ ಬಿಡದೆ ಬ್ರಾಂಚಿನ ತಿಜೋರಿಗೆ. ಆಯುಧದಂಥ ವಸ್ತು ಸಿಕ್ಕರೆ ಪೊಲೀಸರಿಗೆ.

ಮೂರನೆಯದು, ಬೇಗ ಕೊಡಬೇಕಾದವನ್ನು ಬೇಗ ಕೊಡುವುದು. ಔಷಧ, ಆಸ್ಪತ್ರೆಯ ಕಾಗದ, ಡಿಎಲ್, ಆಧಾರ್, ಪಾಸ್‌ಪೋರ್ಟ್, ಪರೀಕ್ಷೆಯ ಹಾಲ್ ಟಿಕೆಟ್, ದುಡಿಮೆಯ ಸಲಕರಣೆ ಇವು ಕೇಳಿದ ದಿನವೇ ಕೈ ಸೇರಬೇಕು. ಲಾರಿಯ ಲೋಡು ಅದರ ಮಾಲೀಕನಿಗೆ, ಬಿಲ್ ಮತ್ತು ಲಾರಿ ರಸೀದಿ (ಎಲ್‌ಆರ್) ನೋಡಿ, ಮತ್ತೊಂದು ಗಾಡಿಗೆ ವರ್ಗಾಯಿಸಲು ಬಿಡಬೇಕು; ತರಕಾರಿಯೋ ಹಾಲೋ ಆದರೆ ಗಂಟೆಗಳ ಲೆಕ್ಕದಲ್ಲಿ. ನಾಲ್ಕನೆಯದು, ಸಾಮಾನಿಗೆ ಷರತ್ತೂ ಇಲ್ಲ, ಶುಲ್ಕವೂ ಇಲ್ಲ. "ಕಂತು ಕಟ್ಟಿ", "ಪಾರ್ಕಿಂಗ್ ಚಾರ್ಜ್ ಕೊಡಿ", "ನಮ್ಮ ಮೇಲೆ ಯಾವ ತಕರಾರೂ ಇಲ್ಲವೆಂದು ಸಹಿ ಹಾಕಿ" ಎಂಬ ಯಾವ ಮಾತೂ ಸಲ್ಲದು. ಪಡೆದದ್ದಕ್ಕೆ ಸಹಿ ಪಡೆದರೆ ಸಾಕು.

ಐದನೆಯದು, ಹರಾಜಿಗೆ ಮುನ್ನ ಗಾಡಿ ನಿಜಕ್ಕೂ ಖಾಲಿಯಾಗಿದೆಯೇ ಎಂದು ಒಬ್ಬ ಅಧಿಕಾರಿ ನೋಡಿ ಸಹಿ ಹಾಕುವುದು. ಈಗಿನ ಕಾರುಗಳಲ್ಲಿ ಕಣ್ಣಿಗೆ ಕಾಣದ ಸಾಮಾನೂ ಇರುತ್ತದೆ. ಪರದೆಯಲ್ಲಿ ಫೋನಿನ ಸಂಪರ್ಕ ಸಂಖ್ಯೆಗಳು, ಮನೆಯ ದಾರಿಯ ಗುರುತು, ಡ್ಯಾಶ್‌ಕ್ಯಾಮಿನ ಮೆಮರಿ ಕಾರ್ಡು, ಗಾಜಿನ ಮೇಲೆ ಹಳೆಯ ಮಾಲೀಕನ ಹಣ ಕಡಿತವಾಗುವ ಫಾಸ್ಟ್ಯಾಗ್. ಮೆಮರಿ ಕಾರ್ಡನ್ನು ಹಿಂತಿರುಗಿಸಿ, ಪರದೆಯ ಮಾಹಿತಿಯನ್ನು ಅಳಿಸಿ, ಫಾಸ್ಟ್ಯಾಗ್ ಮುಚ್ಚಿಸುವಂತೆ ತಿಳಿಸಿದ ಮೇಲೆಯೇ ಗಾಡಿ ಮಾರಾಟಕ್ಕೆ ಹೋಗಬೇಕು.

ಸಾಲಗಾರರಿಗೂ ಕೆಲವು ಮಾತು. ಕಂತು ತಪ್ಪಿದ್ದರೆ ಗಾಡಿಯಲ್ಲಿ ಮೂಲ ಕಾಗದಪತ್ರ, ಒಡವೆ, ದೊಡ್ಡ ಮೊತ್ತ ಇಡಬೇಡಿ. ಗಾಡಿ ನಿಲ್ಲಿಸಿದವರ ಗುರುತಿನ ಚೀಟಿ ಮತ್ತು ಸಂಸ್ಥೆಯ ಅಧಿಕಾರ ಪತ್ರ ಕೇಳಿ ನೋಡಿ. ಕೈಕೈ ಮಿಲಾಯಿಸಲು ಹೋಗದೆ, ಒಳಗಿನದನ್ನು ಫೋನಿನಲ್ಲಿ ಚಿತ್ರೀಕರಿಸಿ. ಖಾಲಿ ನಮೂನೆಗೆ ಸಹಿ ಹಾಕಬೇಡಿ. ಅಂದೇ ಬ್ರಾಂಚಿಗೆ ಸಾಮಾನಿನ ಪಟ್ಟಿಯನ್ನು ಇಮೇಲಿನಲ್ಲೋ ರಿಜಿಸ್ಟರ್ ಅಂಚೆಯಲ್ಲೋ ಕಳಿಸಿ. ಬಾಯಿಮಾತಿನಲ್ಲಿ ಕೇಳಿದ್ದಕ್ಕೆ ಸಾಕ್ಷಿ ಉಳಿಯುವುದಿಲ್ಲ. ಕಳವಾಗಿದ್ದರೆ ಪೊಲೀಸ್ ಠಾಣೆಗೆ ಲಿಖಿತ ದೂರು ಕೊಡಿ. ಸಂಸ್ಥೆ 30 ದಿನದಲ್ಲಿ ಉತ್ತರಿಸದಿದ್ದರೆ ರಿಸರ್ವ್ ಬ್ಯಾಂಕಿನ ಓಂಬುಡ್ಸ್‌ಮನ್‌ಗೆ ದೂರು ಕೊಡಬಹುದು, ಸಹಾಯವಾಣಿ 14448. ಜಿಲ್ಲಾ ಗ್ರಾಹಕ ಆಯೋಗದ ಬಾಗಿಲೂ ತೆರೆದಿದೆ.

ಇಲ್ಲಿ ಕೂತಿರುವ ಕಾನೂನು ವಿದ್ಯಾರ್ಥಿಗಳಲ್ಲಿ ನನ್ನ ಕೋರಿಕೆ ಒಂದಿದೆ. ನಿಮ್ಮ ಕಾಲೇಜಿನ ಕಾನೂನು ನೆರವು ಘಟಕ ಈ ಕೆಲಸ ಹಿಡಿಯಲಿ. ಕನ್ನಡದಲ್ಲಿ ಒಂದು ಪುಟದ ನೋಟಿಸಿನ ಮಾದರಿ ಮಾಡಿ ಲಾರಿ ಸ್ಟ್ಯಾಂಡು, ಆಟೋ ಸ್ಟ್ಯಾಂಡುಗಳಲ್ಲಿ ಹಂಚಿ. ಹೆಸರು, ಗಾಡಿಯ ನಂಬರು, ಸಾಮಾನಿನ ಪಟ್ಟಿ ತುಂಬಿಸಿದರೆ ಸಾಕು ಎನ್ನುವಂತಿರಲಿ. ಇದಕ್ಕೆ ಹಣ ಬೇಡ, ಯಾರ ಅಪ್ಪಣೆಯೂ ಬೇಡ.

ಬ್ಯಾಂಕು ಮತ್ತು ಸಹಕಾರ ಸಂಘಗಳ ಗೆಳೆಯರಲ್ಲಿ ಇನ್ನೊಂದು ಕೋರಿಕೆ. ಹೊಸ ಸುತ್ತೋಲೆಗೆ ಕಾಯದೆ, ನಿಮ್ಮ ವಾಹನ ಸಾಲದ ಒಪ್ಪಂದಕ್ಕೆ ಸಾಲಗಾರನಿಗೆ ಅರ್ಥವಾಗುವ ಕನ್ನಡದಲ್ಲಿ ಈ ಒಂದು ಷರತ್ತನ್ನು ಸೇರಿಸಿ: "ವಾಹನವನ್ನು ವಶಕ್ಕೆ ಪಡೆದ ಸಂದರ್ಭದಲ್ಲಿ ಅದರೊಳಗಿನ ವಸ್ತುಗಳ ಮೇಲೆ ಸಂಸ್ಥೆಗೆ ಯಾವ ಹಕ್ಕೂ ಇರುವುದಿಲ್ಲ, ಅವನ್ನು ಪಟ್ಟಿ ಮಾಡಿ, ಕಾಪಾಡಿ, ಮಾಲೀಕರು ಕೇಳಿದಾಗ ಶುಲ್ಕವಿಲ್ಲದೆ ಹಿಂತಿರುಗಿಸಲಾಗುವುದು." ಇದನ್ನು ಬರೆಯಲು ಕಾನೂನು ಬದಲಾಗಬೇಕಿಲ್ಲ, ಈಗಿರುವ ಕಾನೂನಿನ ಹೊಣೆಯನ್ನೇ ಇದು ಸಾಲಗಾರನಿಗೆ ತಿಳಿಯುವಂತೆ ಹೇಳುತ್ತದೆ. ಈ ಷರತ್ತು ಸೇರಿಸಿದ ಮೊದಲ ಸಂಘ ನಿಮ್ಮದಾಗಲಿ ಎಂದು ಹಾರೈಸುತ್ತೇನೆ.